ಗುಂಡಿ ಅತ್ತ, ಪೈಪು ಇತ್ತ

ನಮ್ಮ ಅಂಗನವಾಡಿಗೆ ಹೊಸ ಕಟ್ಟಡ ಕಟ್ಟಿಸಿದ ಓವರ್‌ಸಿಯರು ಹೊಸಂಗಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರೇ ಕೊಡೆಯ ತುದಿಯಿಂದ ಗೋಡೆ ಕುಟ್ಟಿ ನೋಡುವರು. ನಾನು ಅಲ್ಲಿ ಗಂಜಿ ಬೇಯಿಸುವವಳು. ಬೇಸಗೆಯಲ್ಲಿ ಬಾವಿ ಬತ್ತಿ ಮಕ್ಕಳಿಗೆ ಕುಡಿಯಲೂ ನೀರಿರುವುದಿಲ್ಲ ಎಂದು ಅವರಿಗೆ ಹೇಳಿದ್ದೆ.

“ಇನ್ನು ಮಾಡಿನ ಮೇಲೆ ಬಿದ್ದ ಮಳೆನೀರು ಬಾವಿಯ ಹತ್ತಿರದ ಗುಂಡಿಗೆ ಇಳಿದು ಇಂಗುತ್ತದೆ ಅಕ್ಕ. ಕರಾರಿನಲ್ಲಿ ಬರೆಸಿದ್ದೇನೆ,” ಎಂದರು. ಯಾವುದಕ್ಕೂ ಅವರದು ಅದೇ ಮಾತು, ಬರೆಸಿದ್ದೇನೆ. ಬರೆದದ್ದೆಲ್ಲ ಆಗುತ್ತದೆ ಎಂದು ನಂಬಿದ ಮನುಷ್ಯ.

ಮೊದಲ ಮಳೆಗೆ ನೀರು ಪೈಪಿನಲ್ಲಿ ಇಳಿದು ನೇರ ರಸ್ತೆಗೆ ಹೋಯಿತು. ಗುಂಡಿ ಅತ್ತ, ಪೈಪು ಇತ್ತ. ಅವರು ಕಂಟ್ರಾಕ್ಟರನನ್ನು ಕರೆಸಿದರು.

“ಗುಂಡಿ ಬೇಕು ಅಂತ ಉಂಟು, ತೆಗೆದಿದ್ದೇನೆ. ಪೈಪು ಬೇಕು ಅಂತ ಉಂಟು, ಹಾಕಿದ್ದೇನೆ. ಎರಡನ್ನೂ ಸೇರಿಸಬೇಕು ಅಂತ ಎಲ್ಲಿ ಉಂಟು ಸಾರ್?” ಎಂದ ಅವನು.

ಓವರ್‌ಸಿಯರು ಕರಾರಿನ ಹಾಳೆ ತಿರುವಿದರು, ಮತ್ತೆ ತಿರುವಿದರು. ಇರಲಿಲ್ಲ.

“ನೀರಿಗೆ ಓದಲಿಕ್ಕೆ ಬರುತ್ತದಾ ಸಾರ್?” ಎಂದು ನಾನು ಕೇಳಿದೆ.

ಮರುವಾರ ಓವರ್‌ಸಿಯರು ತಾವೇ ಒಂದು ತುಂಡು ಪೈಪು ತಂದರು. ಕಂಟ್ರಾಕ್ಟರ್ ಅಡ್ಡ ನಿಂತ. “ನೀವು ಕೈ ಹಾಕಿದರೆ ನಾಳೆ ಮಾಡು ಸೋರಿದರೂ ಅದಕ್ಕೆ ಜವಾಬ್ದಾರಿ ನಾನಲ್ಲ, ನೀವೇ.” ಅವರು ತುಂಡನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು. ಮತ್ತೆ ಬರಲಿಲ್ಲ.

ಬಾವಿ ಈ ವರ್ಷವೂ ಬತ್ತಿತು. ಗುಂಡಿಯಲ್ಲಿ ನಾನು ಸೌದೆ ಇಡುತ್ತೇನೆ. ಕಾಂಕ್ರೀಟಿನ ಮುಚ್ಚಳ ಗಟ್ಟಿ ಉಂಟು, ಎಂಥ ಮಳೆಗೂ ಒಳಗೆ ಒಂದು ಹನಿ ಇಳಿಯುವುದಿಲ್ಲ.