ದೊಡ್ಡಪ್ಪ ಚೆಲ್ಲಿದ ಚರಗ

ಬೆಟಗೇರಿಯ ನಮ್ಮ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಮನೆಯೊಂದಿದೆ. ಎಳ್ಳ ಅಮಾವಾಸ್ಯೆ ಬಂತೆಂದರೆ ಅವರು ಸಜ್ಜಿ ಕಡಬನ್ನೂ ಬೇಯಿಸುತ್ತಾರೆ. ನಸುಕಿನಲ್ಲಿ ಆ ಹಬೆಯ ವಾಸನೆ, ಅದರ ಬೆನ್ನಿಗೇ ಹುರಿದ ಗುರೆಳ್ಳಿನ ಘಮ ಕಿಟಕಿಯಿಂದ ಒಳಗೆ ಬಂದರೆ ನನಗೆ ಹಾಸಿಗೆಯಲ್ಲಿ ಮಲಗಿರಲು ಆಗುವುದಿಲ್ಲ. ಮೊಣಕಾಲು ಬೇಡವೆಂದರೂ ಎದ್ದು ಕೂಡುತ್ತೇನೆ. ಹಿರೇವಡ್ಡಟ್ಟಿಯ ನಮ್ಮ ಮನೆ ಕಣ್ಣ ಮುಂದೆ ಬರುತ್ತದೆ: ಪಡಸಾಲೆ, ಜೋಳದ ಹಗೇವು, ಒಲೆಯ ಮುಂದೆ ಬೆವರೊರೆಸಿಕೊಳ್ಳುತ್ತ ಎಲ್ಲರನ್ನೂ ಬೈಯುವ ನಮ್ಮಜ್ಜಿ, ಅಂಗಳದಲ್ಲಿ ಕೊರಳ ಗಂಟೆ ಅಲ್ಲಾಡಿಸುವ ಎತ್ತುಗಳು. ಆ ಮನೆ ಈಗಿಲ್ಲ. ಗೋಡೆಗಳು ಬಿದ್ದು ಮಣ್ಣಾದವು, ತೊಲೆಗಳನ್ನು ಯಾರೋ ಒಯ್ದರು. ವಾಸನೆಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆ ಮನೆಯ ಹಿರಿಮಗ ನಮ್ಮ ದೊಡ್ಡಪ್ಪ, ಬಸಣ್ಣ. ಊರಿಗೆಲ್ಲ ಅವನು ಇಮಾನದ ಬಸಣ್ಣ. ಧಾರವಾಡಕ್ಕೆ ಓದಲು ಹೋದವನು ಹೇಳದೆ ಕೇಳದೆ ವಿಮಾನದ ಪಡೆಗೆ ಸೇರಿ, ಬ್ರಹ್ಮದೇಶದ ಮೇಲೆ ಯುದ್ಧದ ವಿಮಾನ ಹಾರಿಸಿ, ಯುದ್ಧ ಮುಗಿದ ಮೇಲೆ ಒಂದು ತಗಡಿನ ಪೆಟ್ಟಿಗೆ ಹಿಡಿದು ಮುಂಡರಗಿಯಿಂದ ನಡೆದೇ ಮನೆಗೆ ಬಂದವನು. ಮದುವೆ ಮಾಡಿಕೊಳ್ಳಲಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವನು ಎತ್ತು ಮೇಯಿಸುತ್ತ, ಕುಂಟೆ ಹೊಡೆಯುತ್ತ ಎಲ್ಲರಂತೆ ಒಕ್ಕಲುತನ ಮಾಡಿಕೊಂಡಿದ್ದ. ಆದರೂ ನಮಗೆ, ಮನೆಯ ಮಕ್ಕಳಿಗೆ, ಅವನು ಎಲ್ಲರಂತಲ್ಲ. ಅವನು ಮಳೆಯನ್ನು ಮೇಲಿನಿಂದ ನೋಡಿದವನು. ಕಪ್ಪತಗುಡ್ಡಕ್ಕೆ ಅಡರಿದ ಮೋಡವನ್ನು ನಾವು ತಲೆಯೆತ್ತಿ ನೋಡುವಾಗ, ಅಂಥದರ ಒಳಗೆ ಹೋಗಿ ಹೊರಬಿದ್ದ ಮನುಷ್ಯ ನಮ್ಮ ಪಕ್ಕದಲ್ಲೇ ಬೀಡಿ ಸೇದುತ್ತ ಕೂತಿರುತ್ತಿದ್ದ. ಮೋಡದೊಳಗೆ ಹೇಗಿರುತ್ತದೆ ಎಂದು ಒಮ್ಮೆ ಕೇಳಿದ್ದೆ. "ಒದ್ದಿ ಕಂಬಳಿ ಹೊತ್ಕೊಂಡಂಗ ಇರ್ತೈತಿ ತಂಗಿ" ಅಂದ. ಆ ರಾತ್ರಿ ನಾನು ಕಂಬಳಿಗೆ ನೀರು ಚಿಮುಕಿಸಿ ಮುಸುಕು ಹಾಕಿಕೊಂಡು, ಅವ್ವನಿಂದ ಚೆನ್ನಾಗಿ ಏಟು ತಿಂದೆ.

ಅಪರೂಪಕ್ಕೆ ಎತ್ತರದಲ್ಲಿ ವಿಮಾನ ಹೋದರೆ ಊರಿಗೆ ಊರೇ ಹೊರಗೆ ಬಂದು ನಿಲ್ಲುತ್ತಿತ್ತು. ದೊಡ್ಡಪ್ಪ ಮಾತ್ರ ತಲೆಯೆತ್ತುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಕೊಟ್ಟಿಗೆಗೆ ಹೋಗಿ, ಸದ್ದು ಅಡಗುವ ತನಕ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಅವನಿಗೆ ಇದೆಲ್ಲ ನೋಡಿ ನೋಡಿ ಸಾಕಾಗಿದೆ ಎಂದು ನಾವು ತಿಳಿದುಕೊಂಡಿದ್ದೆವು. ಅದೂ ನಮಗೆ ದೊಡ್ಡಸ್ತಿಕೆಯಾಗಿಯೇ ಕಾಣುತ್ತಿತ್ತು.

ನಾಡು ಒಂದಾದ ವರ್ಷ ಅಜ್ಜ ತೀರಿಕೊಂಡ. ಗದಗಿನಲ್ಲಿ ಮೆರವಣಿಗೆ, ಪೇಢೆ, ಭಾಷಣ ಎಲ್ಲ ಆಗಿ, ನಾವಿನ್ನು ಮುಂಬಯಿಯವರಲ್ಲ ಎಂದು ಅಪ್ಪ ಸಂಭ್ರಮದಿಂದ ಬಂದು ಹೇಳಿದಾಗ ಅಜ್ಜಿ ಬಿಳಿ ಸೀರೆಯಲ್ಲಿ ಮೂಲೆಗೆ ಕೂತಿದ್ದಳು. "ಜ್ವಾಳ ಹೊಡಿ ಕಟ್ಟೇತಿ. ಈ ಸಲ ಚರಗಾ ಯಾರು ಚೆಲ್ಲವ್ರು, ಅದನ್ನ ಹೇಳು ಮೊದಲ" ಅಂದಳು. ಎಳ್ಳ ಅಮಾವಾಸ್ಯೆಗೆ ಅಡಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಎಡೆ ಚೆಲ್ಲುವುದೇ ಚರಗ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಅದು. ಅಜ್ಜ ಇರುವ ತನಕ ಅಜ್ಜ ಚೆಲ್ಲಿದ. ಅವನಾದ ಮೇಲೆ ಹಿರಿಮಗನೇ ಚೆಲ್ಲಬೇಕು. ಹಿರಿಮಗನೋ, ಊರಿಗೆ ಮರಳಿದಾಗಿನಿಂದ ಆ ದಿನ ಏನಾದರೂ ನೆವ ಹೇಳಿ ಕೊರ್ಲಹಳ್ಳಿಯ ಹೊಳೆಯ ಕಡೆಗೆ ಹೋಗಿಬಿಡುತ್ತಿದ್ದ. ಚರಗ ಬೀಳದ ಹೊಲದ ಕಾಳನ್ನು ಅಜ್ಜಿ ಬಾಯಿಗೆ ಹಾಕುವವಳಲ್ಲ. ಅವಳ ಹಟ ಮನೆಯವರಿಗೆಲ್ಲ ಗೊತ್ತಿತ್ತು. ಈ ಸಲ ಅವನು ಚೆಲ್ಲದಿದ್ದರೆ ಮುದುಕಿ ಉಪವಾಸ ಬಿದ್ದು ಸಾಯುತ್ತಾಳೆ ಎಂದು ಅವ್ವ ಒಲೆಯ ಮುಂದೆ ಕಣ್ಣೀರು ಹಾಕಿದ್ದು ನನಗೆ ನೆನಪಿದೆ.

ಅಮಾವಾಸ್ಯೆಯ ದಿನ ಅಜ್ಜಿ ದೊಡ್ಡಪ್ಪನನ್ನು ತನ್ನ ಪಕ್ಕದಲ್ಲೇ ಗಾಡಿಯಲ್ಲಿ ಕೂಡಿಸಿಕೊಂಡು ಹೊಲಕ್ಕೆ ತಂದಳು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ ಪೂಜೆ ಮಾಡಿದ್ದಾಯಿತು. ಕಡಬು, ಪುಂಡಿಪಲ್ಲೆ, ಬದನೆಕಾಯಿ, ಮೊಸರನ್ನ ಎಲ್ಲ ಕಲಸಿದ ಬುಟ್ಟಿಯನ್ನು ಅವನ ಮುಂದೆ ಹಿಡಿದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಬ್ಯಾಡ ಯವ್ವಾ. ತಮ್ಮ ಚೆಲ್ಲಲಿ."

"ಹಿರಿಯಾವ ಜೀವಂತ ಇರೂಮುಂದ ಕಿರಿಯಾವ ಚೆಲ್ಲಾಕ ಬರೂದಿಲ್ಲ. ಹಿಡಿ."

ಆಗ ದೊಡ್ಡಪ್ಪ ಮಾತಾಡಿದ. ದನಿ ಏರಿಸಲಿಲ್ಲ, ಹೊಲದ ಕಡೆಗೇ ನೋಡುತ್ತ ಹೇಳಿದ. "ಮ್ಯಾಲಿಂದ ನೋಡಿದ್ರ ಬದು ಕಾಣ್ತಾವ ಯವ್ವಾ. ನಿಂತ ಬೆಳಿ ಕಾಣ್ತೈತಿ. ಹಿಂಗ, ನಮ್ಮ ಹೊಲ ಇದ್ದಂಗ. ಯಾರ ಹೊಲ ಅಂತ ಕಾಣೂದಿಲ್ಲ. ಈ ಕೈಲೆ ನಾ ಅದರ ಮ್ಯಾಲ ಬಾಂಬ್ ಚೆಲ್ಲೇನಿ. ಮಂದಿ ಓಡೂದು ಕಾಣ್ತಿತ್ತು. ಈ ಕೈಲೆ ಚರಗಾ ಹೆಂಗ ಚೆಲ್ಲಲಿ?"

ಅಪ್ಪ ತಲೆ ತಗ್ಗಿಸಿದ. ಯುದ್ಧದಲ್ಲಿ ಬಾಂಬು ಹಾಕುತ್ತಾರೆ ಎನ್ನುವುದು ಯಾರಿಗೆ ಗೊತ್ತಿರಲಿಲ್ಲ? ಆದರೆ ಅದರ ಕೆಳಗೊಂದು ಹೊಲ ಇರುತ್ತದೆ, ಹೊಲಕ್ಕೊಂದು ಬದು ಇರುತ್ತದೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ. ಅಜ್ಜಿ ಬುಟ್ಟಿಯನ್ನು ಕೆಳಗಿಡಲಿಲ್ಲ.

"ಆ ಹೊಲಕ್ಕ ಈಗ ಹೋಗಾಕ ಬರ್ತೈತೇನು?" ಎಂದು ಕೇಳಿದಳು.

"ಇಲ್ಲ."

"ಹಂಗಿದ್ರ ಇಲ್ಲೇ ಚೆಲ್ಲು. ಆ ಕೈಲೇನ ಚೆಲ್ಲು. ಅಲ್ಲೀದು ಬ್ಯಾರೆ, ಇಲ್ಲೀದು ಬ್ಯಾರೆ ಅನ್ನಾಕ ಭೂಮ್ತಾಯಿ ಏನು ನಿಜಾಮನ ಸರಕಾರನ, ಮುಂಬೈ ಸರಕಾರನ? ಆಕಿ ಒಬ್ಬಾಕಿನ ಅದಾಳ. ಆಕಿಗೆ ಮುಟ್ಟತೈತಿ." ಹೀಗೆಂದು ಬೆನ್ನ ಹಿಂದಿನ ಅವನ ಬಲಗೈಯನ್ನು ಹಿಡಿದೆಳೆದು, ಮಣಿಕಟ್ಟಿನ ತನಕ ಬುಟ್ಟಿಯೊಳಗೆ ಅದ್ದಿಬಿಟ್ಟಳು. ಅಕ್ಷರ ಬಾರದ ಆ ಮುದುಕಿಯಷ್ಟು ಎತ್ತರದಲ್ಲಿ ಇನ್ನೊಬ್ಬರನ್ನು ನಾನು ಕಂಡಿಲ್ಲ, ದೊಡ್ಡಪ್ಪನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ದೊಡ್ಡಪ್ಪ ಬುಟ್ಟಿ ಹಿಡಿದು ನಡೆದ. ಚರಗವನ್ನು ಸುಮ್ಮನೆ ಚೆಲ್ಲುವಂತಿಲ್ಲ. ಚೆಲ್ಲುವವನು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು "ಚಲ್ಲಂಬರಿಗೋ" ಎಂದು ಓಗೊಡಬೇಕು. ಅವನ ಬಾಯಿಂದ ಸ್ವರವೇ ಹೊರಡಲಿಲ್ಲ. ಅಜ್ಜಿ ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ಹೋಗವಾ ಗಿರಿಜಾ, ಅವನ ಪಾಲಿಂದೂ ನೀನ ಕೂಗು" ಅಂದಳು. ಎರಡೂ ಕೂಗನ್ನು ನಾನೇ ಕೂಗುತ್ತ ಅವನ ಬೆನ್ನು ಹಿಡಿದು ನಡೆದೆ. ಎಲ್ಲರೂ ನಾಲ್ಕು ಮೂಲೆಗೆ ಚೆಲ್ಲಿ ಮರಳುತ್ತಾರೆ. ಅವನು ಮರಳಲಿಲ್ಲ. ನಮ್ಮ ಬದು ದಾಟಿ ಪಕ್ಕದವರ ಕುಸುಬೆಗೆ ಚೆಲ್ಲಿದ, ಅದರಾಚೆಯ ಕಡಲೆಗೆ ಚೆಲ್ಲಿದ. ಅದು ನಮ್ಮ ಹೊಲವಲ್ಲ ಎಂದು ಅಪ್ಪ ಹಿಂದಿನಿಂದ ಕೂಗಿದ್ದು ಕೇಳಿಸಿತು. "ಅವಂಗೂ ಗೊತ್ತೈತಿ, ನೀ ಸುಮ್ನಿರು" ಎಂದ ಅಜ್ಜಿಯ ದನಿಯೂ ಕೇಳಿಸಿತು. ಕುಸುಬೆಯ ಮುಳ್ಳು ತರಚಿ ಅವನ ಕಾಲಿನಿಂದ ಸಣ್ಣಗೆ ರಕ್ತ ಬರುತ್ತಿತ್ತು. ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬುಟ್ಟಿ ಬರಿದಾದಾಗ ನಾವು ಎಷ್ಟು ದೂರ ಬಂದಿದ್ದೆವೆಂದರೆ ಬನ್ನಿಗಿಡ ಕೈಬೆರಳಿನಷ್ಟು ಕಾಣುತ್ತಿತ್ತು. ಆ ರಾತ್ರಿ ಅಜ್ಜಿ ಉಂಡಳು.

ಆಮೇಲೆ ಅವನು ಒಂದು ವರ್ಷವೂ ತಪ್ಪಿಸಲಿಲ್ಲ. ಮದುವೆಯಾಗಿ ಹರ್ತಿಗೆ ಹೋದ ನಾನೂ ತಪ್ಪಿಸಲಿಲ್ಲ. ಮಗ್ಗುಲ ಹೊಲದವರು ಮೊದಮೊದಲು ನಕ್ಕರು, ಆಮೇಲೆ ಕಾಯತೊಡಗಿದರು. "ಇಮಾನದವ್ರು ಇನ್ನಾ ಬಂದಿಲ್ಲ, ತಡೀರಿ" ಎಂದು ಊಟಕ್ಕೆ ಕೂಡದೆ, ತಮ್ಮ ಕಡಬನ್ನೂ ಅವನ ಬುಟ್ಟಿಗೆ ಹಾಕುತ್ತಿದ್ದರು. ಅವನ ತಲೆ ಬೆಳ್ಳಗಾಯಿತು, ಕೈಗೆ ಕೋಲು ಬಂತು. ಕೂಗು ಮಾತ್ರ ಕೊನೆಯ ತನಕ ಬರಲಿಲ್ಲ, ಅವನ ಪಾಲಿನದನ್ನೂ ನಾನೇ ಕೂಗಿದೆ.

ತುಂಬು ವಯಸ್ಸಿನಲ್ಲಿ, ನೆಲ ಬಿರಿದ ಬೇಸಿಗೆಯಲ್ಲಿ ದೊಡ್ಡಪ್ಪ ಹೋದ. ಮುಂಡರಗಿಯಿಂದ ಬಂದ ಮಾಜಿ ಸೈನಿಕರು ಸೆಲ್ಯೂಟ್ ಹೊಡೆದರು. ಅವನನ್ನು ಹೊಲದಲ್ಲೇ, ಬನ್ನಿಗಿಡದ ನೆರಳು ಬೀಳುವ ಕಡೆ ಮಣ್ಣು ಮಾಡಿದೆವು. ಮುಂದಿನ ಎಳ್ಳ ಅಮಾವಾಸ್ಯೆಗೆ ನನ್ನ ತಮ್ಮ ಬುಟ್ಟಿಯನ್ನು ನನ್ನ ಮುಂದೆ ಹಿಡಿದ. "ಅಕ್ಕಾ, ದೊಡ್ಡಪ್ಪನ ಹಿಂದ ಅಡ್ಡಾಡಿದಾಕಿ ನೀನು. ನೀನ ಚೆಲ್ಲು."

ಬುಟ್ಟಿ ಹಿಡಿದೆ. ಮೊದಲ ಹಿಡಿಯನ್ನು ಅವನ ಮಣ್ಣಿಗೆ ಚೆಲ್ಲಿ ಕೂಗಲು ಬಾಯಿ ತೆರೆದೆ. ಅಷ್ಟು ವರ್ಷ ಇಬ್ಬರ ಪಾಲಿನದನ್ನೂ ಕೂಗಿದ ನನಗೆ ಕೂಗು ಬರಲಿಲ್ಲ. ಅಳು ಬಂತು. ಚೆಲ್ಲುತ್ತ ನಡೆದೆ, ಬಾಯಿ ಮುಚ್ಚಿಕೊಂಡೇ ನಡೆದೆ. ನಮ್ಮ ಬದು ದಾಟುವ ಹೊತ್ತಿಗೆ ಕುಸುಬೆ ಹೊಲದ ಮುದುಕ ಎದ್ದು ನಿಂತು "ಹುಲ್ಲುಲ್ಲಿಗೋ" ಎಂದ. ಅದರಾಚೆ ಕಡಲೆ ಹೊಲದಿಂದ "ಚಲ್ಲಂಬರಿಗೋ" ಬಂತು. ಆಮೇಲೆ ಯಾವ ಹೊಲದಿಂದ ಯಾರು ಕೂಗುತ್ತಿದ್ದಾರೆಂದು ತಿಳಿಯದ ಹಾಗೆ, ಕಾಣುವಷ್ಟು ದೂರದ ಹೊಲಗಳಿಂದೆಲ್ಲ ಆ ಕೂಗು ಬಂತು. ನಾನು ಬುಟ್ಟಿಗೆ ಕೈ ಹಾಕಿ ಮುಂದಿನ ಬದುವಿನ ಕಡೆಗೆ ನಡೆದೆ.