ಜಿನ್ನಿನ ಬೆಲ್ಲ

ಕಾರ್ಖಾನೆಗಳು ಬಂದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹಾಗೆ ಕೇಳುವವರು ಸಾಮಾನ್ಯವಾಗಿ ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತಿರುತ್ತಾರೆ. ಮೂವತ್ತು ವರ್ಷ ಪಾಠ ಹೇಳಿ ಶಾಲೆಯ ಮಕ್ಕಳ ಬಾಯಲ್ಲಿ ಅಕ್ಕೋರು ಎನ್ನಿಸಿಕೊಂಡ ನಾನೂ ಈಗ ಫ್ಯಾನಿನ ಕೆಳಗೇ ಕುಳಿತಿದ್ದೇನೆ, ಆ ಮಾತು ಬೇರೆ. ನನ್ನನ್ನು ಇಲ್ಲಿಗೆ ತಂದು ಕೂರಿಸಿದ್ದು ಒಂದು ಕಾರ್ಖಾನೆ. ನನ್ನ ಅವ್ವನನ್ನು ತಿಂದದ್ದೂ ಅದೇ. ಇನ್ನು ಲಾಭ ನಷ್ಟದ ಮಾತು ಯಾವ ಬಾಯಿಂದ ಆಡಲಿ?

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಿಂದಗಿಯ ಊರಾಚೆ ಒಂದು ಜಿನ್ನು ಬಂತು. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅಲ್ಲಿಯವರೆಗೆ ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು, ಜೋಳ ಕೊಯ್ದು, ಹತ್ತಿ ಬಿಡಿಸಿ ನನ್ನನ್ನು ಸಾಕುತ್ತಿದ್ದಳು. ಸಂಜೆ ಹೊಲದವರ ಮನೆಯ ಹಿತ್ತಲಲ್ಲಿ ನಿಂತು, ಅವರು ಯಾವಾಗ ಸೆರಗಿಗೆ ಜೋಳ ಸುರಿದಾರು ಎಂದು ಕಾಯಬೇಕು. ಎಷ್ಟೋ ಸಲ ನಾನು ಅವಳ ಕಾಲಿಗೆ ಒರಗಿ ನಿಂತಲ್ಲೇ ನಿದ್ದೆ ಹೋದದ್ದುಂಟು.

ಜಿನ್ನಿನ ಭೋಂಗಾ ಮೊದಲ ಸಲ ಕೂಗಿದಾಗ ಊರ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಅವ್ವ ಮಾತ್ರ ಹಿಗ್ಗಿ ಹೀರೇಕಾಯಾದಳು.

"ಮ್ಯಾಲ ತಗಡು ಐತಂತ. ನೆಳ್ಳಾಗ ಕುಂತು ದುಡಿಯೂದು. ವಾರಕ್ಕೊಮ್ಮೆ ಪಗಾರ, ನನ್ನ ಕೈಯಾಗ!" ಎಂದಳು. ಮೊದಲ ಪಗಾರದಲ್ಲಿ ನನಗೆ ಶಾಲೆಗೆ ಹೋಗಲು ನೀಲಿ ಲಂಗ ಹೊಲಿಸಿದಳು. "ಸಾಲಿ ಬಿಟ್ಟಿ ಅಂದ್ರ ಕಾಲ ಮುರೀತೇನಿ ನೋಡ" ಎಂದು ಜೊತೆಗೊಂದು ಎಚ್ಚರಿಕೆ.

ಈ ಸುಖವನ್ನು ನಾನು ಮರೆತಿಲ್ಲ. ಜಿನ್ನನ್ನು ಬೈಯುವ ಮೊದಲು ಇಷ್ಟನ್ನು ಹೇಳಲೇಬೇಕು. ನನ್ನ ಅವ್ವ ಯಾರ ಹಿತ್ತಲಲ್ಲೂ ಕಾಯದೆ ತಲೆಯೆತ್ತಿ ನಡೆದದ್ದನ್ನು ನಾನು ಮೊದಲು ನೋಡಿದ್ದು ಆ ವರ್ಷವೇ.

ಸುಗ್ಗಿ ಮುಗಿಯುತ್ತಲೇ ಕನ್ನೊಳ್ಳಿಯ ಕಡೆಯಿಂದ, ಇಂಡಿಯ ಕಡೆಯಿಂದ ಹತ್ತಿ ಹೇರಿಕೊಂಡ ಚಕ್ಕಡಿಗಳು ಬಂದು ಜಿನ್ನಿನ ಮುಂದೆ ಸಾಲುಗಟ್ಟುತ್ತಿದ್ದವು. ಮಧ್ಯಾಹ್ನ ನಾನು ರೊಟ್ಟಿ ಗಂಟು ಒಯ್ದಾಗ ಒಳಗೆ ಇಣುಕುತ್ತಿದ್ದೆ. ಸಾಲಾಗಿ ಯಂತ್ರಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು, ಎರಡೂ ಕೈಯಿಂದ ಹತ್ತಿ ಉಣಿಸುತ್ತಿರುತ್ತಿದ್ದರು. ಗಾಳಿಯ ತುಂಬ ಅರಳೆಯ ಧೂಳು. ಹೊರಗಿನ ಬೇವಿನ ಮರ ಬೆಳ್ಳಗಾಗಿತ್ತು. ಪಕ್ಕದ ಬಾವಿಯ ನೀರಿನ ಮೇಲೆ ಧೂಳು ಕೆನೆಗಟ್ಟಿ, ಜನ ಅಲ್ಲಿ ಕೊಡ ಇಳಿಸುವುದನ್ನೇ ಬಿಟ್ಟರು. ಸಂಜೆ ಅವ್ವ ತಲೆತುಂಬ ಬಿಳಿ ಹೊತ್ತು ಬಂದರೆ "ನಮ್ಮವ್ವ ಮುದಿಕಿ ಆದ್ಲು!" ಎಂದು ನಾನು ಚಪ್ಪಾಳೆ ತಟ್ಟುತ್ತಿದ್ದೆ. ಅವಳಿಗೆ ಆಗ ಮೂವತ್ತೂ ಆಗಿರಲಿಲ್ಲ.

ಸಂಜೆ ಕೆಲಸ ಬಿಡುವಾಗ ಹೆಂಗಸರ ಮೇಲ್ವಿಚಾರಣೆಯ ಮುಕಾದಮ ಬಾಗಿಲಲ್ಲಿ ನಿಂತು ಎಲ್ಲರ ಅಂಗೈಗೂ ಒಂದೊಂದು ತುಂಡು ಬೆಲ್ಲ ಹಾಕುತ್ತಿದ್ದ. ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನನಗೆ ತರುತ್ತಿದ್ದಳು. ನಮ್ಮ ಮನೆಯಲ್ಲಿ ಬೆಲ್ಲ ಕಾಣುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ಬೀಗರು ಬಂದಾಗ ನೀರಿನ ಜೊತೆಗೆ. ನಾನು ಅದಕ್ಕೆ ಮೆತ್ತಿದ ಅರಳೆಯ ಎಳೆಗಳನ್ನು ಉಗುರಿನಿಂದ ಕಿತ್ತು, ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದೆ. ಮೂರು ವರ್ಷ ತಿಂದೆ. ಅಷ್ಟರಲ್ಲಿ ಅವ್ವನಿಗೆ ಕೆಮ್ಮು ಅಂಟಿಕೊಂಡಿತ್ತು.

ಪಕ್ಕದ ಮನೆಯಾಕೆ ಜಿನ್ನಿನಲ್ಲಿ ಅವ್ವನ ಪಕ್ಕದ ಯಂತ್ರದಲ್ಲೇ ಕೂರುತ್ತಿದ್ದಳು. ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಅವಳು ಕಟ್ಟೆಯ ಮೇಲೆ ಕುಳಿತು ಬೆಲ್ಲ ಚೀಪುತ್ತ ಕೇಳಿದಳು:

"ನಿಮ್ಮವ್ವ ತನ್ನ ಬೆಲ್ಲ ಏನ ಮಾಡ್ತಾಳ?"

"ನನಗ ಕೊಡ್ತಾಳ."

"ಅಯ್ಯ ಖೋಡಿ! ಅದು ರುಚಿಗಿ ತಿನ್ನೂ ಬೆಲ್ಲ ಅಲ್ಲ. ಗಂಟಲಾಗ ಕುಂತ ಧೂಳಾ ಹೊಟ್ಟಿಗಿ ಇಳಸಾಕ ಕೊಡ್ತಾರ. ತಿಂತೇನಂತ ನಾ ಗಟ್ಟಿ ಅದೇನಿ. ಆಕಿ ಕೆಮ್ಮಾಕತ್ತಾಳಂದ್ರ ಮತ್ತ ಇದಕ್ಕ!"

ಅವ್ವ ಬಂದವಳೇ ಸೆರಗಿನ ಗಂಟು ಬಿಚ್ಚಿದಾಗ ನಾನು ಬೆಲ್ಲ ಕಸಿದುಕೊಂಡು, ಅವಳ ಗದ್ದ ಹಿಡಿದು ಬಾಯಿಗೆ ತುರುಕಿದೆ. "ಏ ಹುಚ್ಚಿ, ಬಿಡ, ಏನಾಗೇತಿ ನಿನಗ?" ಎಂದು ಅವಳು ನಕ್ಕಳು. ನಗು ಕೆಮ್ಮಾಯಿತು. ಬೆಲ್ಲ ಒಲೆಯ ಬೂದಿಯಲ್ಲಿ ಬಿತ್ತು. ನಾನು ಅದನ್ನೆತ್ತಿ, ತೊಳೆದು, ಅಳುತ್ತ ಮತ್ತೆ ತಿನ್ನಿಸಿದೆ. ಅಂದಿನಿಂದ ದಿನಾ ಸಂಜೆ ಎದುರು ಕುಳಿತು, ಅವಳು ಬೆಲ್ಲ ನುಂಗುವವರೆಗೆ ಕಣ್ಣು ಕೀಳುತ್ತಿರಲಿಲ್ಲ. ಕೆಮ್ಮು ಒಂದು ಚೂರೂ ಇಳಿಯಲಿಲ್ಲ. ಮೂರು ವರ್ಷದ ಬಾಕಿ ಇಷ್ಟು ಬೇಗ ತೀರೀತೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಎಸ್ಸೆಸ್ಸೆಲ್ಸಿ ವರ್ಷ ಅವಳಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು. ಬಸ್ಸು ಹತ್ತಿಸಿ ವಿಜಾಪುರದ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಏನು ಕೆಲಸ ಎಂದು ವಿಚಾರಿಸಿದರು. "ಪುಪ್ಪುಸದಾಗ ಧೂಳು ಕುಂತೈತಿ. ಹೊಕ್ಕಿದ್ದನ್ನ ತಗ್ಯಾಕ ಬರೂದಿಲ್ಲ. ಇನ್ನರ ಆ ಕೆಲಸ ಬಿಡಸು" ಎಂದರು.

ನನಗೆ ಕೇಳದೆ ಇರಲಾಗಲಿಲ್ಲ. "ಸಾಹೇಬ್ರ, ಈಕಿ ಪಾಲಿನ ಬೆಲ್ಲಾ ಮೂರು ವರ್ಷ ನಾ ತಿಂದೇನ್ರಿ. ಈಕಿನ ತಿಂದಿದ್ರ ಹಿಂಗ ಆಗ್ತಿರಲಿಲ್ಲೇನ್ರಿ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬೆಲ್ಲ ಹೊಟ್ಟಿಗಿ ಹೋಗ್ತೈತಿ, ತಂಗಿ. ಧೂಳು ಉಸಿರಿನ ದಾರಿ ಹಿಡದು ಹೋಗ್ತೈತಿ. ಅವೆರಡಕ್ಕೂ ಭೇಟಿನ ಆಗೂದಿಲ್ಲ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನನಗೆ ಹಾಯೆನಿಸಿತು. ಎದುರಿಗೆ ಅವ್ವ ಉಸಿರಿಗಾಗಿ ಒದ್ದಾಡುತ್ತಿದ್ದಾಳೆ, ನನಗೆ ತಪ್ಪು ನನ್ನದಲ್ಲವೆಂಬ ಸಮಾಧಾನ! ಹೊರಗೆ ಬರುವ ಹೊತ್ತಿಗೆ ಆ ಸಮಾಧಾನದ ಮೇಲೇ ಹೇಸಿಗೆ ಬಂತು. ಬಸ್ಸಿನಲ್ಲಿ ಕುಳಿತ ಮೇಲೆ ಸಿಟ್ಟು ಕುದಿಯಿತು. ಒಂದು ತುಂಡು ಬೆಲ್ಲ ಕೊಟ್ಟು ಇಷ್ಟು ಜನರನ್ನು ಆ ಧೂಳಿನಲ್ಲಿ ಕೂರಿಸಿದ್ದರಲ್ಲ!

"ನಾಳೆನ ಜಿನ್ನಿಗಿ ಬಂದು ಎಲ್ಲಾರಿಗೂ ಹೇಳ್ತೇನಿ. ಆ ಮುಕಾದಮನ ಮಾರಿ ಮ್ಯಾಲ ಒಗೀತೇನಿ ಆ ಬೆಲ್ಲಾ" ಎಂದೆ.

ಅವ್ವ ನನ್ನ ಮುಂಗೈ ಹಿಡಿದಳು. "ಹೇಳಬ್ಯಾಡ."

"ಯಾಕ?"

"ಎಲ್ಲಾರಿಗೂ ಮಕ್ಕಳು ಅದಾವು. ಜಿನ್ನು ಬಿಟ್ಟು ಎಲ್ಲಿ ಹೋಗ್ತಾರ? ಬೆಲ್ಲ ಕಾಯ್ತೈತಿ ಅಂತ ನಂಬಿ ಒಳಗ ಹೋಗ್ತಾರ. ಅದೂ ಸುಳ್ಳು ಅಂತ ಗೊತ್ತಾದ್ರ ನಾಳೆ ಆ ಬಾಗಲಾ ಹ್ಯಾಂಗ ದಾಟಬೇಕು, ಹೇಳ?"

"ನಿನಗ ಮೊದಲ ಗೊತ್ತಿತ್ತೇನು?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಡಾಕ್ಟರು ಬಿಡಿಸು ಎಂದಿದ್ದರು. ಅವ್ವ "ಇದೊಂದು ಹಂಗಾಮ. ನಿನ್ನ ಪರೀಕ್ಷಾ ಆಗಿಬಿಡಲಿ" ಎಂದಳು. ನಾನು ಬಾಗಿಲಿಗೆ ಅಡ್ಡ ಮಲಗಬೇಕಿತ್ತು. ಮಲಗಲಿಲ್ಲ. ನನಗೆ ಪಾಸಾಗಬೇಕಿತ್ತು. ಹೊಲದ ಕೂಲಿಗೆ ಹೋಗಬಾರದಿತ್ತು. ಬಿಡು ಎಂದು ಬಾಯಿಮಾತಿಗೆ ನಾಲ್ಕು ಸಲ ಹೇಳಿ, ಪುಸ್ತಕ ತೆರೆದು ಕುಳಿತೆ. ಪರೀಕ್ಷೆಯಲ್ಲಿ ನಮ್ಮ ದೇಶದ ಕೈಗಾರಿಕಾ ಪ್ರಗತಿಯ ಮೇಲೆ ಪ್ರಬಂಧ ಕೇಳಿದ್ದರು. ಎರಡು ಪುಟ ಚೆನ್ನಾಗಿಯೇ ಬರೆದೆ. ಅದರಲ್ಲಿ ಅವ್ವನ ಕೆಮ್ಮು ಒಂದು ಸಾಲಿನಲ್ಲೂ ಇರಲಿಲ್ಲ.

ಪಾಸಾದೆ. ಅವ್ವ ಪೇಪರಿನಲ್ಲಿದ್ದ ನನ್ನ ನಂಬರಿನ ಮೇಲೆ ಬೆರಳಿಟ್ಟು, ಓದಲು ಬಾರದಿದ್ದರೂ, ಬಂದವರಿಗೆಲ್ಲ ತೋರಿಸಿದಳು. ನಾನು ಶಿಕ್ಷಕರ ತರಬೇತಿಗೆ ಸೇರಿದೆ. ಮುಂದಿನ ಹಂಗಾಮಿಗೆ ಭೋಂಗಾ ಕೂಗುವ ಹೊತ್ತಿಗೆ ಅವಳಿಗೆ ಮಲಗಲೂ ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದಳು. ಹಾಗೆ ಕುಳಿತಲ್ಲೇ ಒಂದು ಮುಂಜಾನೆ ಹೋದಳು. ನಾನು ಒಲೆಗೆ ಉರಿ ಹಚ್ಚುತ್ತಿದ್ದೆ. ಹೊರಳಿ ನೋಡುವಷ್ಟರಲ್ಲಿ ಮುಗಿದಿತ್ತು.

ಮೂರನೆಯ ದಿನ ಚಿಗವ್ವ ಕೆಲಸಕ್ಕೆ ಹೊರಟವಳು ನಮ್ಮ ಮನೆಗೆ ಬಂದು ಕುಳಿತಳು. ನನ್ನನ್ನು ತಬ್ಬಿಕೊಂಡು ಅತ್ತಳು. ಅಳುವಿನ ನಡುವೆ ಅವಳೂ ಒಂದೆರಡು ಸಲ ಕೆಮ್ಮಿದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಡಾಕ್ಟರ ಹಂತ್ಯಾಕ ಹೋಗಿದ್ರಲ್ಲ, ಏನಂದ್ರವಾ? ಮೊದಲಿಂದ ಬೆಲ್ಲಾ ತಿಂದಿದ್ರ ಉಳೀತಿದ್ಲಂತೇನು?"

ಅವಳ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಆ ಓಣಿಯಲ್ಲಿ ನಾಲ್ಕಕ್ಷರ ಕಲಿತವಳು ನಾನೊಬ್ಬಳೇ. ನಾನು ಏನು ಹೇಳಿದರೆ ಅದೇ ಅವಳಿಗೆ ಖರೆ. ದೂರದಲ್ಲಿ ಭೋಂಗಾ ಕೂಗಿತು.

"ಹೌದು ಚಿಗವ್ವ" ಎಂದೆ. "ಉಳೀತಿದ್ಲಂತ. ಆಕಿ ಪಾಲಿಂದು ನಾ ತಿಂದೆ."

"ಸಣ್ಣಾಕಿ ಇದ್ದಿ, ನಿನಗೇನ ಗೊತ್ತು" ಎಂದು ನನ್ನ ತಲೆ ನೇವರಿಸಿ ಅವಳು ಎದ್ದು ಹೋದಳು. ಇನ್ನೂ ನಾಲ್ಕು ಹಂಗಾಮು ಹೋದಳು. ಐದನೆಯ ಹಂಗಾಮಿಗೆ ಅವಳ ಯಂತ್ರದ ಮುಂದೆ ಅವಳ ಮಗಳು ಕುಳಿತಿದ್ದಳು.