ಬೆರಳಿಟ್ಟ ಜಾಗ

ಆ ನಿವೃತ್ತ ಸೇನಾ ಪಶುವೈದ್ಯರು ನಮ್ಮ ಹೆಣ್ಣು ಕುದುರೆಯ ತುದಿ ಹರಿದುಹೋದ ಎಡಗಿವಿಯ ಮೇಲೆ, ಗಾಳಿಯಲ್ಲಿ, ತೋರುಬೆರಳನ್ನು ಬಾಗಿಸಿ ಹಿಡಿದರು. ನಾನು ಕುದುರೆಯ ಹೆಸರು ಕೂಗಿದೆ. ಅದು ಕಿವಿ ನಿಮಿರಿಸಿತು. ಬಲಗಿವಿಯ ತುದಿ ಒಳಕ್ಕೆ ಬಾಗಿ ಆ ಬೆರಳನ್ನು ಮುಟ್ಟಿತು. ಕಾಫಿ ಕಣದಲ್ಲಿದ್ದ ನಾವೆಲ್ಲ ಹತ್ತಿರ ಬಂದು ನೋಡಿದೆವು.

ಹಾಗೆ ತುದಿ ಕೂಡುವ ಕಿವಿಗಳೇ ಅದರ ಕಾಠಿಯಾವಾಡಿ ತಳಿಯ ಹೆಮ್ಮೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಎಸ್ಟೇಟಿನ ಮುಳ್ಳುತಂತಿಗೆ ಸಿಕ್ಕಿ ಕಿವಿ ಹರಿದುಕೊಂಡಿದ್ದ ಇದನ್ನು ಮೈಸೂರಿನ ಪ್ರದರ್ಶನದಲ್ಲಿ ತೀರ್ಪುಗಾರರು ಸಾಲಿನ ಕೊನೆಗೆ ನಿಲ್ಲಿಸಿದ್ದರು. ಇದರಿಂದ ಮರಿ ಬೇಡ, ಮಾರಿಬಿಡುವ ಎಂದಿದ್ದರು ನಮ್ಮ ಯಜಮಾನರು. ನಾನೇ ಹಟ ಹಿಡಿದು, ತಳಿಯ ಗುಣ ನೋಡಿ ಹೇಳಿ ಎಂದು ಈ ವೈದ್ಯರನ್ನು ಪಾಲಿಬೆಟ್ಟಕ್ಕೆ ಕರೆಸಿದ್ದೆ.

“ಶೋದಲ್ಲಿ ಇವತ್ತು ಯಾವ್ದು ಚೆಂದ ಅಂತ ನೋಡ್ತಾರೆ ಅಮ್ಮ. ಇದು ಮರಿಗೆ ಏನು ಕೊಡ್ತದೆ ಅಂತ ನಾನು ನೋಡೋದು. ತಂತಿ ಗಾಯ ಮರಿಗೆ ಹೋಗೋದಿಲ್ಲ,” ಎಂದರು ವೈದ್ಯರು.

ಯಜಮಾನರು ಮತ್ತೆ ಮಾರುವ ಮಾತೆತ್ತಲಿಲ್ಲ. ಮರುವರ್ಷ ಹುಟ್ಟಿದ ಮರಿ, ಕಾಲು ಗಟ್ಟಿಯಾಗುವ ಮೊದಲೇ ನನ್ನ ದನಿಗೆ ಕಿವಿ ನಿಮಿರಿಸಿತು. ಎರಡೂ ತುದಿಗಳು ಕೂಡಿದ್ದು ಅಂದು ವೈದ್ಯರು ಬೆರಳಿಟ್ಟ ಜಾಗದಲ್ಲೇ.